ಅಜ್ಜಿಯ ಹೆಬ್ಬೆರಳು ಮತ್ತು 62 ನ್ಯೂಟನ್

ಮಗು ಹುಟ್ಟಿದ ಮನೆಯಲ್ಲಿ ಮೊದಲು ಸೋಲುವವರು ಓದಿದವರು. ಓದದವರು ಸೋಲುವುದೇ ಇಲ್ಲವೆಂದಲ್ಲ. ಅವರು ನಾಚಿಕೆಯಿಲ್ಲದೆ ಪಕ್ಕದ ಮನೆಯವರನ್ನು ಕೂಗಿ ಕರೆಯುತ್ತಾರೆ. ಓದಿದವರು ಕೈಪಿಡಿ ತೆರೆದು ಕೂರುತ್ತಾರೆ.

ಮಗಳ ಬಾಣಂತನಕ್ಕೆಂದು ನಾವು ಗಂಡ ಹೆಂಡತಿ ನ್ಯೂಜೆರ್ಸಿಯ ಎಡಿಸನ್ನಿಗೆ ಹೋಗಿ ಇಳಿದಾಗ ಆ ಮನೆಯಲ್ಲಿ ವಿದ್ಯೆಗೇನೂ ಬರವಿರಲಿಲ್ಲ. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸನ್ನೆಗೋಲು, ರಾಟೆ, ಘರ್ಷಣೆ ಎಂದು ಹುಡುಗರ ಪ್ರಾಣ ತೆಗೆದವಳು. ನಮ್ಮವರು ವಿಮಾನ ಕಾರ್ಖಾನೆಯಲ್ಲಿ ತಲೆ ನರೆಸಿಕೊಂಡವರು. ಅದರಲ್ಲೂ, ನೆಲ ಬಿಟ್ಟ ಮೇಲೆ ಚಕ್ರಗಳನ್ನು ಮಡಚಿ ಹೊಟ್ಟೆಯೊಳಗೆ ಎಳೆದುಕೊಳ್ಳುವ ಏರ್ಪಾಡು ಇರುತ್ತದಲ್ಲ, ಅದೇ ಅವರ ವಿಭಾಗ. ಅಳಿಯ ಕಂಪ್ಯೂಟರ್ ಚಿಪ್ಪಿನೊಳಗೆ ನ್ಯಾನೋಮೀಟರ್ ಲೆಕ್ಕದಲ್ಲಿ ದಾರಿ ಎಳೆಯುವವನು. ಮಗಳು ಕಂಪನಿಗಳ ಲೆಕ್ಕಪತ್ರದಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವವಳು. ಇಷ್ಟು ಜನ ಸೇರಿ ಏಳು ಪೌಂಡಿನ ಒಂದು ಕೂಸನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಕಟ್ಟಲಾರದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆವು. ಕೂಸು ಮಾತ್ರ ನಿದ್ದೆ ಮಾಡುತ್ತಿತ್ತು.

ಅಲ್ಲಿ ಬಾಣಂತಿಯನ್ನು ಮನೆಗೆ ಕಳಿಸುವ ಮುಂಚೆ ಕಾರ್ ಸೀಟು ತಂದಿದ್ದೀರಾ ಎಂದು ವಿಚಾರಿಸುತ್ತಾರೆ. ಅಜ್ಜಿ ಬಂದಿದ್ದಾಳೆಯೇ ಎಂದು ಯಾರೂ ಕೇಳುವುದಿಲ್ಲ. ನನಗೆ ಸ್ವಲ್ಪ ಕಸಿವಿಸಿಯಾಯಿತು. ನನ್ನ ಮಡಿಲಿಗಿಂತ ಗಟ್ಟಿ ಸೀಟು ಯಾವುದಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನನ್ನೊಳಗಿನ ಮೇಷ್ಟ್ರು ತಡೆದರು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಹತ್ತನೇ ಒಂದು ಸೆಕೆಂಡಿನಲ್ಲಿ ಗಕ್ಕನೆ ನಿಂತಿತೆನ್ನಿ. ಏಳು ಪೌಂಡಿನ ಕೂಸು ಆ ಕ್ಷಣಕ್ಕೆ ಸುಮಾರು 45 ಕಿಲೋ ಭಾರವಾಗಿ ಮುಂದಕ್ಕೆ ಸೆಳೆಯುತ್ತದೆ. ಯಾವ ಅಜ್ಜಿಯ ತೋಳೂ ಅದನ್ನು ಹಿಡಿದಿಡಲಾರದು. ಬೇರೆಯವರ ಮಕ್ಕಳಿಗೆ ಈ ಲೆಕ್ಕವನ್ನು ಎಷ್ಟೋ ವರ್ಷ ಕೊಟ್ಟಿದ್ದೇನೆ. ನಮ್ಮ ಮನೆಯ ಕೂಸನ್ನು ಅದರಲ್ಲಿ ಹಾಕಿ ನೋಡಿದ್ದು ಆವತ್ತೇ.

ನನ್ನ ಕಸಿವಿಸಿಗೆ ಚರಿತ್ರೆಯಲ್ಲೂ ಜೊತೆಯಿದೆ. ಮಕ್ಕಳನ್ನು ಕಾರಿನಲ್ಲಿ ಬೇರೆಯೇ ಸೀಟಿನಲ್ಲಿ ಬಿಗಿಯಬೇಕೆಂಬ ಕಾನೂನು ಅಮೆರಿಕದಲ್ಲಿ ಮೊದಲು ಬಂದದ್ದು ಟೆನೆಸೀ ರಾಜ್ಯದಲ್ಲಿ, 1978ರಲ್ಲಿ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಬೆನ್ನು ಹತ್ತಿ ಮಾಡಿಸಿದ ಕಾನೂನು ಅದು. ಅದರೊಳಗೂ ಶಾಸಕರು ಒಂದು ರಿಯಾಯಿತಿ ತುರುಕಿದ್ದರು: ದೊಡ್ಡವರು ಎತ್ತಿಕೊಂಡಿದ್ದರೆ ಸೀಟು ಬೇಡ! ಆ ಕಿಂಡಿಯನ್ನು ಮುಚ್ಚಿಸಲು ಸ್ಯಾಂಡರ್ಸ್ 1981ರವರೆಗೆ ಕಾಯಬೇಕಾಯಿತು. 1985ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ನ್ಯೂಜೆರ್ಸಿಯಲ್ಲಂತೂ 2015ರಿಂದ, ಎರಡು ವರ್ಷದೊಳಗಿನ, 30 ಪೌಂಡಿಗಿಂತ ಕಡಿಮೆ ತೂಕದ ಮಗು ಕಾರಿನ ಹಿಂದಿನ ಗಾಜಿನ ಕಡೆಗೆ ಮುಖ ಮಾಡಿಯೇ ಕೂರಬೇಕು, ಐದು ಕಡೆ ಬಿಗಿಯುವ ಪಟ್ಟಿಯಲ್ಲಿ.

ಆ ಐದು ಕಡೆಯ ಪಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡು ಹೆಗಲ ಮೇಲಿಂದ ಬರುತ್ತವೆ, ಎರಡು ಸೊಂಟದ ಬದಿಯಿಂದ, ಒಂದು ಕಾಲ ನಡುವಿನಿಂದ. ಕೂಸನ್ನು ಮಲಗಿಸುವ ಹೊತ್ತಿಗೆ ಐದರಲ್ಲಿ ಮೂರಾದರೂ ಅದರ ಬೆನ್ನಡಿಗೆ ಸೇರಿರುತ್ತವೆ. ಎತ್ತಿ, ಎಳೆದು, ಮತ್ತೆ ಮಲಗಿಸಬೇಕು. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಹೆಗಲ ಪಟ್ಟಿ ಹೆಗಲ ಮಟ್ಟದಿಂದಲೋ ಅದಕ್ಕೂ ಕೆಳಗಿನಿಂದಲೋ ಹೊರಡಬೇಕು. ಎದೆಯ ಮೇಲಿನ ಕೊಂಡಿ ಕಂಕುಳ ಮಟ್ಟಕ್ಕಿರಬೇಕು. ಬಿಗಿ ಸಾಕೇ ಎಂದು ತಿಳಿಯಲು ಹೆಗಲ ಹತ್ತಿರ ಪಟ್ಟಿಯನ್ನು ಚಿವುಟಬೇಕು. ಬೆರಳ ನಡುವೆ ಮಡಿಕೆ ಸಿಕ್ಕಿತೋ, ಇನ್ನೂ ಸಡಿಲ ಎಂದರ್ಥ. ಸೀಟನ್ನು ಕಾರಿಗೆ ಕಟ್ಟಿದ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಕದಲಬಾರದು. ಚಳಿಗಾಲವಾದರೆ ಇನ್ನೂ ಒಂದು ನಿಯಮ. ದಪ್ಪನೆಯ ಹತ್ತಿಯ ಕೋಟು ಹಾಕಿ ಮೇಲೆ ಪಟ್ಟಿ ಬಿಗಿಯಬಾರದು, ಏಕೆಂದರೆ ಅಪಘಾತದಲ್ಲಿ ಕೋಟು ಅಪ್ಪಚ್ಚಿಯಾಗಿ ಪಟ್ಟಿ ಸಡಿಲಾಗುತ್ತದೆ. ಆದ್ದರಿಂದ ಹೊರಗೆ ಹಿಮ ಬೀಳುತ್ತಿರುವಾಗ ಕೂಸಿನ ಕೋಟು ಬಿಚ್ಚಿ, ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಬೇಕು. ಕುಲಾವಿ, ಕಾಲುಚೀಲ, ಶಾಲು ಎಂದು ಸೂಟ್‌ಕೇಸ್ ತುಂಬಿಸಿಕೊಂಡು ಹೋದ ಅಜ್ಜಿಗೆ ಇದನ್ನು ಕಣ್ಣಾರೆ ನೋಡುವುದೇ ಒಂದು ಶಿಕ್ಷೆ.

ಇಷ್ಟೆಲ್ಲ ಬಿಗಿದದ್ದನ್ನು ಬಿಚ್ಚಲು ಕಾಲ ನಡುವೆ ಒಂದು ಕೆಂಪು ಗುಂಡಿಯಿದೆ. ಒಂದೇ ಒಂದು. ಅದನ್ನು ಹೆಬ್ಬೆರಳಿನಿಂದ ಒತ್ತಬೇಕು. ನನ್ನ ಹೆಬ್ಬೆರಳಿನ ಬುಡದಲ್ಲಿ ಕೆಲವು ವರ್ಷಗಳಿಂದ ಸಂಧಿವಾತ ಬಾಡಿಗೆಗಿದೆ. ಒತ್ತಿದೆ, ಬಿಡಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದೆ, ಆಗಲೂ ಇಲ್ಲ. ನನ್ನ ಮೊಮ್ಮಗಳನ್ನು ನಾನೇ ಎತ್ತಿಕೊಳ್ಳಲಾಗದಂತೆ ಬೀಗ ಹಾಕಿದವರು ಯಾರು ಎಂದು ಸಿಟ್ಟು ಬಂದು ಹುಡುಕಿದೆ. ಸಿಕ್ಕರು! ಅಮೆರಿಕದ ಸರ್ಕಾರವೇ. ಅವರ ವಾಹನ ಸುರಕ್ಷತಾ ನಿಯಮ ಸಂಖ್ಯೆ 213ರ ಪ್ರಕಾರ, ಆ ಗುಂಡಿ 40 ನ್ಯೂಟನ್‌ಗಿಂತ ಕಡಿಮೆ ಬಲಕ್ಕೆ ಬಿಚ್ಚಿಕೊಳ್ಳಬಾರದು, 62 ನ್ಯೂಟನ್ ದಾಟುವುದರೊಳಗೆ ಬಿಚ್ಚಿಕೊಳ್ಳಲೇಬೇಕು. ಮಕ್ಕಳ ಬೆರಳಿಗೆ ಬಗ್ಗದೆ ದೊಡ್ಡವರ ಬೆರಳಿಗೆ ಬಗ್ಗಲಿ ಎಂಬ ಲೆಕ್ಕ. 62 ನ್ಯೂಟನ್ ಎಂದರೆ ಆರೂಕಾಲು ಕಿಲೋ ತೂಕಕ್ಕಿಂತ ತುಸು ಹೆಚ್ಚು. ಅಷ್ಟನ್ನೂ ಒಂದೇ ಹೆಬ್ಬೆರಳು ಹೊರಬೇಕು. ನಿಯಮ ನ್ಯಾಯವಾಗಿದೆ, ತಕರಾರಿಲ್ಲ. ಅದರಲ್ಲಿ ದೊಡ್ಡವರು ಇದ್ದಾರೆ, ಚಿಕ್ಕವರು ಇದ್ದಾರೆ, ಅಜ್ಜಿಯರು ಮಾತ್ರ ಇಲ್ಲ. ಆಮೇಲೆ ತಿಳಿಯಿತು, ಹೆಬ್ಬೆರಳು ನೋವಿನವರಿಗಾಗಿ ಆ ಗುಂಡಿಯನ್ನು ಒತ್ತಲೆಂದೇ ಒಂದು ಪುಟ್ಟ ಪ್ಲಾಸ್ಟಿಕ್ ಸನ್ನೆಗೋಲು ಮಾರಾಟಕ್ಕಿದೆಯಂತೆ. ಜೀವಮಾನವಿಡೀ ಪಾಠ ಮಾಡಿದ ಸನ್ನೆಗೋಲನ್ನು ಡಾಲರು ಕೊಟ್ಟು ತರಿಸಿಕೊಂಡೆ.

ಸೀಟನ್ನು ಕಾರಿಗೆ ಕಟ್ಟುವ ಕಥೆ ಇನ್ನೊಂದು. ಅದಕ್ಕೆ ಅಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದ ತಂತ್ರಜ್ಞರಿದ್ದಾರೆ. ಅಗ್ನಿಶಾಮಕ ಠಾಣೆಯಲ್ಲೋ ಪೊಲೀಸ್ ಠಾಣೆಯಲ್ಲೋ ಗೊತ್ತಾದ ದಿನ ಸಿಗುತ್ತಾರೆ, ಕಾಸು ಕೇಳುವುದಿಲ್ಲ. ನಮ್ಮ ವಂಶದಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತಿಲ್ಲ ಎಂದು ನಮ್ಮವರು ಗೊಣಗಿದರು. ಹಸುಗೂಸಿನ ನೆಪದಲ್ಲಿ ಅದೂ ಆಯಿತು. ದಷ್ಟಪುಷ್ಟವಾದ ಪೊಲೀಸ್ ಹೆಣ್ಣುಮಗಳೊಬ್ಬಳು ಬಂದು ನಾವು ಕಟ್ಟಿದ್ದ ಸೀಟನ್ನು ಒಮ್ಮೆ ಅಲುಗಿಸಿದಳು. ಅಳಿಯನ ಮುಖ ನೋಡಿದಳು. ಏನೂ ಹೇಳದೆ ಪೂರ್ತಿ ಬಿಚ್ಚಿದಳು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಆ ದೇಶದ ಕಾರ್ ಸೀಟುಗಳಲ್ಲಿ ಶೇಕಡ 46ರ ಬಳಕೆಯಲ್ಲಿ ಏನಾದರೊಂದು ತಪ್ಪಿರುತ್ತದೆ. ಹಾಗಾಗಿ ಅವಳಿಗೆ ನಾವೇನೂ ವಿಶೇಷವಾಗಿ ಕಾಣಿಸಲಿಲ್ಲ. ಅವಳು ಮೊಣಕಾಲನ್ನು ಸೀಟಿನೊಳಗೆ ಊರಿ, ಮೈಭಾರವೆಲ್ಲ ಹಾಕಿ, ಪಟ್ಟಿಯನ್ನು ಮೇಲಕ್ಕಲ್ಲ, ಅಡ್ಡಕ್ಕೆ ಜಗ್ಗಿದಳು. ಆಮೇಲೆ ಎಲ್ಲ ಬಿಚ್ಚಿ, ಈಗ ನೀನು ಮಾಡು ಎಂದಳು. ಅಳಿಯ ಮಾಡಿದ. ಮಗಳು ಮಾಡಿದಳು. ನಾನು ಸುಮ್ಮನೆ ನಿಂತಿದ್ದೆ. ನನ್ನ ಕೈಯನ್ನೂ ಹಿಡಿದು ಪಟ್ಟಿಯ ಮೇಲಿಟ್ಟು, ಎಷ್ಟು ಬಿಗಿಯಿದ್ದರೆ ಬಿಗಿ ಎಂದು ತೋರಿಸಿದಳು. ಎಪ್ಪತ್ತು ಎಂಬತ್ತು ಪುಟದ ಕೈಪಿಡಿ ನಾಲ್ಕು ಪದವೀಧರರಿಗೆ ಹೇಳಲಾರದ್ದನ್ನು ಆ ಕೈ ಕಾಲು ಗಂಟೆಯಲ್ಲಿ ಹೇಳಿತು.

ಇನ್ನು ತಳ್ಳುವ ಗಾಡಿ. ಇದು ನಮ್ಮವರ ಪಾಲಿಗೆ ಬಂದ ಪರೀಕ್ಷೆ. ಇಂದಿನ ಮಡಚುವ ಗಾಡಿಗಳ ಮೂಲಪುರುಷ ಓವನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ವಿಮಾನ ಎಂಜಿನಿಯರ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರ ಮಡಚುವ ವಿನ್ಯಾಸದಲ್ಲಿ ದುಡಿದವನು. ಮಾಸ್ಕೋದಲ್ಲಿದ್ದ ಮಗಳು ಮೊಮ್ಮಗುವನ್ನು ಕರೆದುಕೊಂಡು ಬಂದಾಗ ಅವಳ ಗಾಡಿಯ ಭಾರ ನೋಡಿ, ವಿಮಾನದ ವಿದ್ಯೆಯನ್ನೇ ಬಳಸಿ ಕೊಡೆ ಮಡಚುವ ಹಾಗೆ ಮಡಚುವ ಅಲ್ಯೂಮಿನಿಯಂ ಗಾಡಿ ಮಾಡಿದ. ಅದರ ಪೇಟೆಂಟ್ ಅರ್ಜಿ ಹಾಕಿದ್ದು 1965ರಲ್ಲಿ. ತೂಕ ಆರು ಪೌಂಡ್. ಅಂದರೆ ತಾತನೊಬ್ಬ ಮೊಮ್ಮಗುವಿಗಾಗಿ ವಿಮಾನದ ಕಾಲನ್ನು ಗಾಡಿಗೆ ತೊಡಿಸಿದ ಕಥೆ ಇದು. ನಮ್ಮ ಮನೆಯ ತಾತನಿಗೆ ಈ ಕಥೆ ಕೇಳಿ ಆನಂದವೋ ಆನಂದ. ಒಂದೇ ಕ್ಷಣದಲ್ಲಿ ಗಾಡಿಯನ್ನು ಬಿಡಿಸಿ ನಿಲ್ಲಿಸಿದರು. ಮಡಚಲು ಬರಲಿಲ್ಲ.

ಇಲ್ಲಿ ಅಭಿಮನ್ಯುವನ್ನು ನೆನೆಯದೆ ಉಪಾಯವಿಲ್ಲ. ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಅಂಗಡಿಯ ಹುಡುಗ ಗಾಡಿಯನ್ನು ಬಿಡಿಸಿ ತೋರಿಸಿದ್ದನಂತೆ. ಮಡಚುವ ಪಾಠಕ್ಕೆ ಬರುವಷ್ಟರಲ್ಲಿ ಅವಳಿಗೆ ಆಫೀಸಿನ ಫೋನು ಬಂತು. ಹೀಗೆ ನಮ್ಮ ಕೂಸಿಗೂ ಅರ್ಧವೇ ವಿದ್ಯೆ ಪ್ರಾಪ್ತಿಯಾಯಿತು. ಉದ್ಯಾನದ ಬಳಿ ಕಾರಿನ ಡಿಕ್ಕಿ ತೆರೆದಿಟ್ಟು ನಮ್ಮವರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದರು, ಮೊಣಕಾಲೂರಿ ಅಡಿ ನೋಡಿದರು, ಎಲ್ಲೋ ಪಟ್ಟೆಂದು ಸದ್ದು ಮಾಡಿಸಿದರು. ಕೊನೆಗೆ, ಗಾಡಿಗೆ ಲೋಹ ದಣಿವು ಹಿಡಿದಿದೆ ಎಂದು ತೀರ್ಪು ಕೊಟ್ಟರು. ಹೊಸಾ ಗಾಡಿ! ಆ ದಾರಿಯಲ್ಲಿ ಓಡುತ್ತಿದ್ದ ತರುಣಿಯೊಬ್ಬಳು ನಿಂತು, ಹಿಡಿಕೆಯ ಮೇಲಿನ ಸಣ್ಣ ಗುಂಡಿಯನ್ನು ಅಡ್ಡಕ್ಕೆ ಸರಿಸಿ, ಹಾಗೇ ಹಿಡಿದುಕೊಂಡು ಹಿಡಿಕೆಯನ್ನು ಹಿಂಡಿದಳು. ಗಾಡಿ ವಿನಯದಿಂದ ಮಡಚಿಕೊಂಡಿತು. ಅವಳ ಕಿವಿಯಲ್ಲಿ ಹಾಡು ನಡೆದೇ ಇತ್ತು.

ಒಂದರ ಮೇಲೊಂದು ಚಿಲಕ ಯಾಕೆ ಎಂದು ನಮ್ಮವರು ಮನೆಗೆ ಬಂದೂ ಕೊಸರಾಡಿದರು. ಯಾಕೆಂದರೆ, ಒಂದೇ ಚಿಲಕವಿದ್ದರೆ ಮಗು ಕೂತಿರುವಾಗಲೇ ಗಾಡಿ ಮಡಚಿಕೊಂಡೀತು. ಮಡಚುವ ಗಾಡಿಯ ಅಪಾಯ ಅದೊಂದೇ ಅಲ್ಲ: 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲುಗಳಿಗೆ ಹೊದಿಕೆ ಹಂಚಬೇಕಾಯಿತು. ಮಡಚುವ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ಕತ್ತರಿಸಿಹೋದ ದೂರುಗಳು ಬಂದಿದ್ದವು. ಇದನ್ನು ಓದಿದ ಮೇಲೆ ಅವರು ಚಿಲಕಗಳ ಬಗ್ಗೆ ಮಾತು ನಿಲ್ಲಿಸಿದರು.

ಸಣ್ಣಪುಟ್ಟವುಗಳನ್ನು ಬೇಗ ಮುಗಿಸುತ್ತೇನೆ. ಅಂಗಿಯ ಅಡಿಯ ಒತ್ತುಗುಂಡಿಗಳು: ಬೆಳಗಿನ ಜಾವ ಮೂರಕ್ಕೆ, ನ್ಯಾನೋಮೀಟರ್ ಅಳಿಯ ಹಾಕಿದರೂ ಕೊನೆಯಲ್ಲಿ ಒಂದು ಗುಂಡಿ ಜೊತೆಯಿಲ್ಲದೆ ಉಳಿಯುತ್ತದೆ. ಅದೇ ಅಂಗಿಯ ಹೆಗಲಲ್ಲಿ ಬಟ್ಟೆ ಒಂದರ ಮೇಲೊಂದು ಬಂದಿರುತ್ತದಲ್ಲ, ಅದು ಅಲಂಕಾರವಲ್ಲ. ಕೂಸು ಅಂಗಿಯವರೆಗೂ ಹೊಲಸು ಮಾಡಿಕೊಂಡಾಗ ಅಂಗಿಯನ್ನು ತಲೆಯ ಮೇಲಿಂದ ತೆಗೆಯದೆ ಹೆಗಲಿಂದ ಕೆಳಕ್ಕೆ ಜಾರಿಸುವುದಕ್ಕೆ ಮಾಡಿದ್ದು. ಇದನ್ನು ಅಂಗಿಯ ಮೇಲೆ ಬರೆದಿರುವುದಿಲ್ಲ. ಗೊತ್ತಿಲ್ಲದವರ ಮನೆಯ ಕೂಸಿನ ತಲೆಗೂದಲೇ ಸಾಕ್ಷಿ. ಗಾಳಿ ನುಂಗದಿರಲೆಂದು ಒಳಗೆ ಕೊಳವೆ, ಬಿಲ್ಲೆ, ಉಂಗುರ ಸೇರಿಸಿದ ಹಾಲಿನ ಬಾಟಲಿ: ತೊಳೆಯಲು ಬಿಚ್ಚಿದರೆ ಒಂದು ತಟ್ಟೆ ತುಂಬುತ್ತದೆ. ಜೋಡಿಸಿದಾಗ ಒಂದು ಬಿಲ್ಲೆ ತಪ್ಪಿದರೆ ಹಾಲು ಕೂಸಿನ ಬಾಯಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹೋಗುತ್ತದೆ.

ಔಷಧಿ ಸೀಸೆಯ ಮುಚ್ಚಳವನ್ನು ಮಾತ್ರ ಹಾಗೆ ಬಿಡಲಾರೆ. ಒತ್ತಿ ತಿರುಗಿಸುವ ಈ ಮುಚ್ಚಳ ಕೆನಡಾದ ಮಕ್ಕಳ ವೈದ್ಯ ಆನ್ರಿ ಬ್ರೋ 1967ರಲ್ಲಿ ಮಾಡಿಸಿದ್ದು. ಮಕ್ಕಳು ಮಾತ್ರೆ ನುಂಗಿ ಆಸ್ಪತ್ರೆಗೆ ಬರುವುದನ್ನು ನೋಡಿ ನೋಡಿ ಬೇಸತ್ತು ಹುಡುಕಿದ ಉಪಾಯ. ಅಮೆರಿಕದಲ್ಲಿ 1970ರ ಕಾಯ್ದೆ ಇಂಥ ಮುಚ್ಚಳವನ್ನು ಕಡ್ಡಾಯ ಮಾಡಿತು. ಅದರ ಪರೀಕ್ಷೆಯ ಕ್ರಮ ಸೊಗಸಾಗಿದೆ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಸೀಸೆ ಕೊಟ್ಟು ಐದು ನಿಮಿಷ ಬಿಡುತ್ತಾರೆ. ಆಮೇಲೆ ತೆರೆಯುವುದು ಹೇಗೆಂದು ಕಣ್ಣೆದುರೇ ತೋರಿಸಿ, ಬೇಕಾದರೆ ಹಲ್ಲು ಹಾಕಿ ಎಂದು ಹೇಳಿ, ಇನ್ನೈದು ನಿಮಿಷ ಕೊಡುತ್ತಾರೆ. ಆಗಲೂ ನೂರಕ್ಕೆ ಎಂಬತ್ತು ಮಕ್ಕಳಿಗೆ ಬಗ್ಗಬಾರದು. ಇನ್ನೊಂದು ಕಡೆ 50ರಿಂದ 70 ವಯಸ್ಸಿನ ಹಿರಿಯರಿಗೂ ಪರೀಕ್ಷೆ. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ತೆರೆಯಬೇಕು. ನನಗೆ 68. ಉಳಿದ ಹತ್ತು ಮಂದಿ ಎಲ್ಲಿದ್ದಾರೆಂದು ಯಾರಿಗಾದರೂ ಕುತೂಹಲವಿದ್ದರೆ, ಒಬ್ಬಳು ಇಲ್ಲಿದ್ದೇನೆ. ಹಲ್ಲು ಹಾಕುವ ಸಲಹೆ ಈ ವಯಸ್ಸಿಗೆ ಉಪಯೋಗಕ್ಕೆ ಬರುವುದಿಲ್ಲ.

ಇದನ್ನೆಲ್ಲ ಓದಿ, ಹಿಂದಿನ ಕಾಲವೇ ಚೆಂದ, ಜೋಲಿ ಕಟ್ಟಿದರೆ ಮುಗಿಯಿತು, ಒಳಲೆಯಲ್ಲಿ ಹಾಲು ಹಾಕಿದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಒಳಲೆಯನ್ನು ನಾನೂ ಸೂಟ್‌ಕೇಸಿನಲ್ಲಿಟ್ಟು ಒಯ್ದಿದ್ದೆ. ಬಿಡಿಭಾಗವೇ ಇಲ್ಲದ ಬೆಳ್ಳಿಯ ಪುಟ್ಟ ಬಟ್ಟಲು, ಒಂದು ಕೊಕ್ಕು, ಬಿಸಿನೀರಿನಲ್ಲಿ ಅದ್ದಿದರೆ ಚೊಕ್ಕ. ನಮ್ಮ ಆಸ್ಪತ್ರೆಗಳಲ್ಲಿ ತಿಂಗಳು ತುಂಬುವ ಮುಂಚೆ ಹುಟ್ಟಿ ಮೊಲೆ ಚೀಪಲಾರದ ಕೂಸುಗಳಿಗೆ ಇಂದಿಗೂ ದಾದಿಯರು ಇಂಥದ್ದರಲ್ಲೇ ಹಾಲು ಕುಡಿಸುತ್ತಾರೆ. ಆದರೆ ಅದನ್ನು ಅಳಿಯನ ಕೈಗೆ ಕೊಟ್ಟು ನೋಡಿ! ಕೊಕ್ಕು ತುಟಿಯ ಯಾವ ಮೂಲೆಗೆ ತಾಗಬೇಕು, ಎಷ್ಟು ಓರೆ ಮಾಡಿದರೆ ಎಷ್ಟು ಹಾಲು ಇಳಿಯುತ್ತದೆ, ಕೂಸು ನುಂಗಿತೆಂದು ಗಂಟಲು ನೋಡಿ ತಿಳಿಯುವುದು ಹೇಗೆ, ಇವು ಒಳಲೆಯಲ್ಲಿಲ್ಲ. ಹಾಕುವವರ ಕೈಯಲ್ಲಿವೆ. ಕೈ ತಪ್ಪಿದರೆ ಕೂಸಿಗೆ ನೆತ್ತಿ ಹತ್ತುತ್ತದೆ.

ನೀರು ಹಾಕುವುದೂ ಹಾಗೆಯೇ. ಮಗಳ ಮನೆಯಲ್ಲಿ ಕೂಸಿನ ಸ್ನಾನಕ್ಕೆ ಬಲೆ ಕಟ್ಟಿದ ತೊಟ್ಟಿ ಇತ್ತು, ನೀರಿನ ಬಿಸಿ ಹೇಳುವ ರಬ್ಬರ್ ಬಾತುಕೋಳಿ ಇತ್ತು. ನಾನು ಅವನ್ನು ಪಕ್ಕಕ್ಕಿಟ್ಟು, ಮಣೆಯಿಲ್ಲದ ದೇಶದಲ್ಲಿ ಟವೆಲು ಮಡಚಿ ಹಾಸಿ, ಕಾಲು ನೀಡಿ ಕೂತು, ಕೂಸನ್ನು ಮೊಳಕಾಲ ಮೇಲೆ ಮಲಗಿಸಿಕೊಂಡೆ. ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಕೆಂಪು ಗುಂಡಿ ಕಳೆದ ಮಾನವನ್ನೆಲ್ಲ ಆ ಒಂದು ಚೆಂಬು ನೀರು ತಂದುಕೊಟ್ಟಿತು. ಈ ವಿದ್ಯೆ ನನಗೇನು ಪುಸ್ತಕದಿಂದ ಬಂದದ್ದೇ? ಮಗಳು ಹುಟ್ಟಿದಾಗ ನಮ್ಮತ್ತೆ ನನ್ನ ಎಡಗೈಯನ್ನು ಕೂಸಿನ ಕತ್ತಿನಡಿ ಇಟ್ಟು, ಮೇಲೆ ತಮ್ಮ ಕೈ ಇಟ್ಟು, ಹೀಗೆ ಎಂದಿದ್ದರು. ಆ ಪೊಲೀಸ್ ಹೆಣ್ಣುಮಗಳು ಮಾಡಿದ್ದೂ ಅದನ್ನೇ. ಅತ್ತೆಯ ವಿದ್ಯೆಯನ್ನೆಲ್ಲ ನಾನು ಸಮುದ್ರ ದಾಟಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮೂಗಿಗೆ ಎಣ್ಣೆ ಬಿಡುವುದು, ಕೋಣೆ ತುಂಬ ಸಾಂಬ್ರಾಣಿ ಹೊಗೆ ಹಾಕುವುದು ಬೇಡವೆಂದು ವೈದ್ಯರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಹೊಗೆ ಹಾಕಿದ್ದರೆ ಆ ಮನೆಯ ಗಂಟೆ ಬಾರಿಸಿ ಅಗ್ನಿಶಾಮಕದವರೂ ಬರುತ್ತಿದ್ದರು.

ಹಿಂದೆ ಸಾಮಾನು ಸರಳವಾಗಿತ್ತು, ಕಷ್ಟವೆಲ್ಲ ಕೈಯಲ್ಲಿತ್ತು. ಆ ಕೈ ಮನೆಯಲ್ಲೇ ಸಿಗುತ್ತಿತ್ತು. ಈಗ ಕಷ್ಟವನ್ನೆಲ್ಲ ಸಾಮಾನಿನೊಳಗೆ ತುಂಬಿ, ಕೈಯನ್ನು ಡಬ್ಬಿಯಲ್ಲಿ ಹಾಕುವುದನ್ನು ಮರೆತಿದ್ದಾರೆ. ಕೈಪಿಡಿಯ ಚಿತ್ರಗಳನ್ನು ಗಮನಿಸಿ. ಸೀಟು ಬಿಗಿಯುವ ಆ ಚಿತ್ರದ ಮನುಷ್ಯನಿಗೆ ಎರಡು ಕೈಗಳಿವೆ, ಎರಡೂ ಖಾಲಿ. ನಿದ್ದೆ ಆಗಿದೆ. ಮಗು ಎಲ್ಲೋ ಬೇರೆ ಪುಟದಲ್ಲಿ ನಗುತ್ತಿದೆ. ಮಗುವಿರುವ ಮನೆಯಲ್ಲಿ ಎರಡು ಕೈ ಖಾಲಿಯಿರುವ ಮನುಷ್ಯ ಎಲ್ಲಿದ್ದಾನೆ? ಒಂದು ಕೈಯಲ್ಲಿ ಯಾವಾಗಲೂ ಕೂಸಿರುತ್ತದೆ, ಅದು ಅಳುತ್ತಿರುತ್ತದೆ. ಸೀಟನ್ನು ಗೊಂಬೆ ಕೂರಿಸಿ ಡಿಕ್ಕಿ ಹೊಡೆಸಿ ಪರೀಕ್ಷಿಸುತ್ತಾರೆ, ಬಹಳ ಒಳ್ಳೆಯದು. ಅದರ ಜೊತೆಗೆ, ಮೂರು ರಾತ್ರಿ ನಿದ್ದೆಗೆಟ್ಟ ಒಬ್ಬ ತಾಯಿಗೂ ಒಬ್ಬ ಅಜ್ಜಿಗೂ ಕೊಟ್ಟು ಪರೀಕ್ಷಿಸಿದರೆ ಕೈಪಿಡಿ ಅರ್ಧಕ್ಕಿಳಿದೀತು.

ಊರಿಗೆ ಬಂದ ಮೇಲೆ ಈ ಕಥೆ ಹೇಳಿದರೆ ನಗುವವರೇ ಹೆಚ್ಚು. ನಾವೆಲ್ಲ ಮಕ್ಕಳನ್ನು ಬಜಾಜ್ ಚೇತಕ್ಕಿನ ಮುಂದೆ ನಿಲ್ಲಿಸಿಕೊಂಡು ಊರೆಲ್ಲ ಸುತ್ತಲಿಲ್ಲವೇ ಎನ್ನುತ್ತಾರೆ. ಸುತ್ತಿದೆವು ನಿಜ. ಬದುಕಿ ಉಳಿದವರು ಮಾತ್ರ ಈ ಮಾತು ಹೇಳಲು ಸಾಧ್ಯ ಎಂಬುದೂ ಅಷ್ಟೇ ನಿಜ. ನಮ್ಮಲ್ಲೂ ಈಗ ಕಾನೂನಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194-ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಬಿಗಿಯದೆ ಕಾರಿನಲ್ಲಿ ಒಯ್ದರೆ 1,000 ರೂಪಾಯಿ ದಂಡ. ದ್ವಿಚಕ್ರಕ್ಕೆ 2022ರಲ್ಲಿ ಹೊರಡಿಸಿದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸವಾರನ ಮೈಗೆ ಕಟ್ಟುವ ಪಟ್ಟಿ ಬೇಕು, ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. ಜಯನಗರದ ಸಿಗ್ನಲ್ಲಿನಲ್ಲಿ ಕಾರುಗಳ ಹಿಂದಿನ ಸೀಟು ಬಗ್ಗಿ ನೋಡುತ್ತಿರುತ್ತೇನೆ. ಕೂಸುಗಳು ಇನ್ನೂ ಅಜ್ಜಿಯರ ಮಡಿಲಲ್ಲೇ ಇವೆ. ಕಲಿಸುವ ಕೈಗಾಗಿ ಠಾಣೆಗೆ ಹೋಗೋಣವೆಂದರೆ ನಮ್ಮ ಠಾಣೆಗಳಲ್ಲಿ ಅಂಥ ಹೆಣ್ಣುಮಗಳಿಲ್ಲ. ನಮ್ಮ ಸಂಚಾರ ಪೊಲೀಸರು ದಂಡದ ಪುಸ್ತಕದ ಜೊತೆಗೆ ತಿಂಗಳಿಗೊಂದು ಭಾನುವಾರ ಆ ಕೆಲಸವನ್ನೂ ಹಿಡಿಯಲಿ ಎಂಬುದು ನನ್ನ ಅರ್ಜಿ.

ಅಲ್ಲಿಯವರೆಗೆ, ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಒಂದು ಮಾತು. ಸೀಟನ್ನು ಹೆರಿಗೆಗೆ ಎರಡು ತಿಂಗಳ ಮುಂಚೆಯೇ ತನ್ನಿ. ಎಡಗೈಯಲ್ಲಿ ಐದು ಕಿಲೋ ಅಕ್ಕಿಯ ಚೀಲ ಎತ್ತಿಕೊಂಡು, ಬಲಗೈ ಒಂದರಲ್ಲೇ ಐದೂ ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ನೋಡಿ. ಚೀಲವನ್ನು ಕೆಳಗಿಡುವಂತಿಲ್ಲ. ಬಾಣಂತನಕ್ಕೆ ಬರುವ ಅಜ್ಜಿಯಿಂದಲೂ ಆ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿಸಿ. ಅವರಿಂದ ಆಗದಿದ್ದರೆ ಬಾಣಂತಿಯ ಸಾಮಾನಿನ ಪಟ್ಟಿಗೆ, ಬಜೆ ಬೆಳ್ಳುಳ್ಳಿಯ ಕೆಳಗೆ, ಒಂದು ಸನ್ನೆಗೋಲು ಎಂದೂ ಬರೆದುಕೊಳ್ಳಿ.